ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂಬ ಮಾತನ್ನು ಕೇಳದೆ ಬೆಳೆದ ಕನ್ನಡದ ಮಗು ಇರಲಾರದು. ಊಟಕ್ಕೆ ಕುಳಿತವನ ದೃಷ್ಟಿ ಎಲೆಯ ಮೇಲಿರಬೇಕು. ತಲೆಯೆತ್ತಿ ಮಾಡಿನ ಕಡೆಗೆ ನೋಡಿ, ಜಂತೆಗಳೆಷ್ಟು, ಅವುಗಳಲ್ಲಿ ಹುಳು ಹಿಡಿದುವೆಷ್ಟು ಎಂದು ಲೆಕ್ಕ ಹಾಕುವುದು ಅನ್ನವಿಕ್ಕಿದ ಕೈಗೆ ಮಾಡುವ ಅಪಚಾರ. ಇದು ಒಳ್ಳೆಯ ಮಾತು. ಒಬ್ಬರ ಮನೆಯ ಬಾಗಿಲು ಇನ್ನೊಬ್ಬರಿಗೆ ನಿಶ್ಶಂಕೆಯಿಂದ ತೆರೆದಿರುವುದು ಇಂತಹ ಮಾತುಗಳ ಬಲದಿಂದಲೇ. ಕಂಡದ್ದನ್ನೆಲ್ಲ ಬೀದಿಯಲ್ಲಿ ಹೇಳಿಕೊಂಡು ಹೋಗುವ ಅತಿಥಿಯನ್ನು ಎರಡನೆಯ ಸಲ ಯಾರೂ ಕರೆಯುವುದಿಲ್ಲ, ಕರೆಯಬೇಕಾದುದೂ ಇಲ್ಲ.

ಆದರೆ ಆ ಮಾತು ಹುಟ್ಟಿದ್ದು ಅತಿಥಿಯನ್ನು ಕುರಿತು. ಹೊಟ್ಟೆಯ ಪಾಡಿಗಾಗಿ ಕಡಲು ದಾಟಿ ಹೋಗಿ, ಬೇರೊಂದು ರಾಜ್ಯದ ಅಪ್ಪಣೆಯ ಮೇಲೆ ನೆಲಸಿ, ಅಲ್ಲಿನ ಒಂದು ವ್ಯಾಪಾರಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುತ್ತಿರುವವನು, ಆ ಸಂಸ್ಥೆ ಅಧರ್ಮದಿಂದ ಹಣ ಗಳಿಸುತ್ತಿರುವುದನ್ನು ಕಣ್ಣಾರೆ ಕಂಡರೆ ಏನು ಮಾಡತಕ್ಕದ್ದು? ಕಂಡುದನ್ನು ಹೇಳುವ ಹಕ್ಕು ಅವನಿಗುಂಟೆ? ಹಕ್ಕಿದ್ದರೆ, ಹೇಳಲೇಬೇಕೆಂಬ ಹೊಣೆಯೂ ಉಂಟೆ? ಇದು ಪಂಡಿತರ ತರ್ಕಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಕರ್ನಾಟಕದ ಕರಾವಳಿಯ ಕೆಲವು ಊರುಗಳಲ್ಲಿ, ಮನೆಯ ಒಬ್ಬನಾದರೂ ಕೊಲ್ಲಿಯ ರಾಜ್ಯಗಳಲ್ಲಿ ದುಡಿಯದ ಕುಟುಂಬವನ್ನು ಹುಡುಕಬೇಕು. ಬೆಂಗಳೂರಿನಿಂದ ಅಮೆರಿಕ ಯುರೋಪುಗಳಿಗೆ ಹೋದ ವಿದ್ಯಾವಂತರ ಮನೆಗಳೂ ಕಡಮೆಯಲ್ಲ. ಈ ಪ್ರಶ್ನೆ ಅಂತಹ ಮನೆಗಳ ಹೊಸ್ತಿಲಿನೊಳಗಿನ ಪ್ರಶ್ನೆ.

ಸುಮ್ಮನಿರುವುದೇ ಲೇಸೆನ್ನುವವರ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವನು ಆ ನಾಡಿನ ಪ್ರಜೆಯಲ್ಲ. ಅಲ್ಲಿನ ಕಾನೂನನ್ನು ಮಾಡುವುದರಲ್ಲಿ ಅವನಿಗೆ ಪಾಲಿಲ್ಲ. ಅದು ಕೆಟ್ಟಾಗ ತಿದ್ದುವ ಭಾರವೂ ಅವನದಲ್ಲ. ಅಲ್ಲಿನ ನಡೆನುಡಿಗಳ ಒಳಗುಟ್ಟು ಅವನಿಗೆ ತಿಳಿಯದು. ಒಂದೆಡೆ ಲಂಚವೆನಿಸುವುದು ಮತ್ತೊಂದೆಡೆ ಕಾಣಿಕೆಯಾಗಿರಬಹುದು. ಅವನ ಸ್ವಂತ ಊರಿನ ವರ್ತಕರೇನು, ಎಲ್ಲರೂ ಹರಿಶ್ಚಂದ್ರರೆ? ತನ್ನೂರಿನ ಅಂಗಡಿಯ ಕಳ್ಳತೂಕವನ್ನು ಕಂಡೂ ಕಾಣದಂತಿದ್ದವನಿಗೆ ಪರದೇಶದಲ್ಲಿ ಹಠಾತ್ತಾಗಿ ಧರ್ಮಬುದ್ಧಿ ಎಚ್ಚತ್ತರೆ, ಅದರಲ್ಲಿ ಒಂದಿಷ್ಟು ಅಹಂಕಾರವೂ ಬೆರೆತಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅವನು ಆ ಮನೆಯ ಉಪ್ಪು ತಿಂದಿದ್ದಾನೆ.

ಇವುಗಳಲ್ಲಿ ಅಹಂಕಾರದ ಮಾತು ನಿಜವಾದದ್ದು. ಅದನ್ನು ಮುಂದೆಯೂ ನೆನಪಿನಲ್ಲಿಡಬೇಕು. ಉಪ್ಪಿನ ಮಾತು ಮಾತ್ರ ನಿಲ್ಲುವುದಿಲ್ಲ. ಸಂಬಳವೆಂಬುದು ಬೆವರಿಗೆ ಸಂದ ಬೆಲೆ. ಕೊಟ್ಟವನಿಗೂ ಕೊಂಡವನಿಗೂ ತಿಂಗಳ ಕೊನೆಯಲ್ಲಿ ಲೆಕ್ಕ ತೀರುತ್ತದೆ; ಉಳಿಯುವ ಋಣವೇನಿದ್ದರೂ ಎರಡು ಕಡೆಗೂ ಸಮನಾದ ಸೌಜನ್ಯದ ಋಣ. ಉಪ್ಪಿನ ವಿಚಾರ ಬಂದೊಡನೆ ಭೀಷ್ಮನ ನೆನಪಾಗುವುದು ಸಹಜ. ದ್ರೌಪದಿಯನ್ನು ಸಭೆಗೆ ಎಳೆತಂದ ದಿನ ಆತನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ನಿಂತುಬಿಟ್ಟನು. ಅಂದು ಬಾಯಿ ತೆರೆದವರು ದಾಸಿಯ ಮಗನಾದ ವಿದುರ, ಮತ್ತು ಧೃತರಾಷ್ಟ್ರನ ಮಕ್ಕಳಲ್ಲೇ ಒಬ್ಬನಾದ ವಿಕರ್ಣ. ಅವರಿಬ್ಬರೂ ಉಂಡದ್ದು ಅದೇ ಮನೆಯ ಉಪ್ಪನ್ನೇ.

ಸಭೆಗೆ ಹೋಗದೆ ಇರಬಹುದು, ಹೋದಮೇಲೆ ಸರಿಯಾದುದನ್ನು ಹೇಳಲೇಬೇಕು, ಸುಮ್ಮನಿದ್ದವನೂ ಪಾಪಕ್ಕೆ ಪಾಲುಗಾರನೆಂದು ಮನುಸ್ಮೃತಿಯ ವಿಧಿ. ಇಲ್ಲಿ ಒಂದು ತೊಡಕುಂಟು. ಪರದೇಶದ ಕೆಲಸಗಾರನು ಸಭೆಯನ್ನು ಹೊಕ್ಕವನೆ? ಅವನಿಗೆ ಅಲ್ಲಿ ಆಸನವಿಲ್ಲ; ಹಿತ್ತಿಲ ಬಾಗಿಲಿನಿಂದ ಬಂದು ಹಿತ್ತಿಲ ಬಾಗಿಲಿನಿಂದಲೇ ಹೋಗತಕ್ಕವನು. ಆದರೆ ತೀರ್ಪು ಹೇಳುವವನಿಗೆ ಆಸನ ಬೇಕು, ಸಾಕ್ಷಿಗೆ ಕಣ್ಣಿದ್ದರೆ ಸಾಕು. ಪರದೇಶೀಯನು ಆ ನಾಡಿಗೆ ನ್ಯಾಯಾಧೀಶನಾಗಲಾರನು, ಆಗಲೂ ಬಾರದು. ಸಾಕ್ಷಿಯಾಗಲು ಮಾತ್ರ ಯಾವ ಕುಲವೂ ಯಾವ ಪ್ರಜಾಪತ್ರವೂ ಅಡ್ಡಬಾರದು. ಶಾಸ್ತ್ರಾರ್ಥ ಇಷ್ಟಕ್ಕೆ ಸಾಕು. ಸಾಕ್ಷಿ ನುಡಿದ ಪರದೇಶೀಯರ ಗತಿ ಏನಾಯಿತು, ಅವರಿಗೆ ಸಾಕ್ಷ್ಯವನ್ನು ಒದಗಿಸಿದವರ ಗತಿ ಏನಾಯಿತು ಎಂಬುದನ್ನು ನಡೆದ ಸಂಗತಿಗಳಲ್ಲಿಯೇ ನೋಡುವುದು ಮೇಲು.

ದಕ್ಷಿಣ ಅಮೆರಿಕದ ಅಮೆಜಾನ್ ಮಹಾನದಿಯ ಉಪನದಿಗಳಲ್ಲಿ ಪುಟುಮಾಯೊ ಎಂಬುದೊಂದು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ, ಸೈಕಲ್ಲು ಮೋಟಾರುಗಳ ಚಕ್ರಗಳಿಗೆ ರಬ್ಬರು ಎಷ್ಟಿದ್ದರೂ ಸಾಲದಾಗಿದ್ದ ಕಾಲದಲ್ಲಿ, ಆ ನದಿಯ ಸುತ್ತಣ ಕಾಡುಗಳು ಪೆರು ದೇಶದ ಇಕಿಟೋಸ್ ಪಟ್ಟಣದ ಹೂಲಿಯೊ ಸೆಸಾರ್ ಅರಾನ ಎಂಬ ವರ್ತಕನ ಕೈವಶವಾಗಿದ್ದುವು. 1907ರಲ್ಲಿ ಆತನು ತನ್ನ ವ್ಯಾಪಾರವನ್ನು ಹತ್ತು ಲಕ್ಷ ಪೌಂಡು ಮೂಲಧನದ ಕಂಪೆನಿಯಾಗಿ ಲಂಡನ್ನಿನಲ್ಲಿ ನೋಂದಾಯಿಸಿದನು; ಕೆಲವರು ಆಂಗ್ಲ ಗೃಹಸ್ಥರು ಅದರ ನಿರ್ದೇಶಕರಾದರು. ಕಾಡಿನಲ್ಲಿ ನಡೆಯುತ್ತಿದ್ದುದು ಇಷ್ಟು: ಹೂಯಿಟೊಟೊ, ಬೋರ ಮೊದಲಾದ ಆದಿವಾಸಿಗಳು ಗೊತ್ತುಮಾಡಿದ ತೂಕದ ರಬ್ಬರನ್ನು ಹೊತ್ತು ತರಬೇಕು, ತಕ್ಕಡಿಯ ಮುಳ್ಳು ಇಳಿಯದಿದ್ದರೆ ಚಾವಟಿ, ಕಾಲಿಗೆ ಮರದ ಕೋಳ, ಉಪವಾಸ, ಕೊನೆಗೆ ಕೊಲೆ. ಬೆನ್ನ ಮೇಲೆ ಉಳಿದ ಬಾಸುಂಡೆಯ ಗುರುತಿಗೆ ‘ಅರಾನನ ಮುದ್ರೆ’ ಎಂದೇ ಆ ಸೀಮೆಯಲ್ಲಿ ಹೆಸರಾಗಿದ್ದಿತು.

ವಾಲ್ಟರ್ ಹಾರ್ಡೆನ್‌ಬರ್ಗ್ ಎಂಬ ಅಮೆರಿಕದ ತರುಣ ಎಂಜಿನಿಯರು ಬ್ರೆಜಿಲಿನ ಒಂದು ರೈಲುಮಾರ್ಗದಲ್ಲಿ ಕೆಲಸ ದೊರಕೀತೆಂದು ಈ ಹಾದಿ ಹಿಡಿದು ಹೊರಟವನು. 1908ರ ಮೊದಲಲ್ಲಿ ಕಂಪೆನಿಯ ಜನರು ಅವನನ್ನು ಹಿಡಿದು ಸೆರೆಯಿಟ್ಟರು. ಬಿಡುಗಡೆಯಾಗಿ ಇಕಿಟೋಸಿಗೆ ಬಂದಾಗ ಅವನ ಬಳಿ ಏನೂ ಉಳಿದಿರಲಿಲ್ಲ. ತನ್ನ ದಾರಿ ಹಿಡಿದು ಹೋಗಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಅವನು ಹೋಗದೆ, ಆ ಪಟ್ಟಣದಲ್ಲಿಯೇ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಒಂದು ವರ್ಷಕ್ಕೂ ಮೇಲೆ ನಿಂತು, ಕಂಪೆನಿಯಲ್ಲಿ ದುಡಿದು ಬಿಟ್ಟವರ ಹೇಳಿಕೆಗಳನ್ನು ಸಹಿ ಹಾಕಿಸಿ ಕೂಡಿಹಾಕಿದನು. 1909ರಲ್ಲಿ ಲಂಡನ್ನಿನ ‘ಟ್ರೂತ್’ ಎಂಬ ಪತ್ರಿಕೆ ಅವನು ತಂದುದನ್ನು ಅಚ್ಚುಹಾಕಿದಾಗ ಆ ದೇಶವೆಲ್ಲ ಬೆಚ್ಚಿತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಹಾರ್ಡೆನ್‌ಬರ್ಗನನ್ನು ಹೊಗಳಿಬಿಡುವುದು ವಾಡಿಕೆ. ಆದರೆ ಅವನು ಮೊದಲಿಗನಲ್ಲ. ಅವನು ಇಕಿಟೋಸನ್ನು ಮುಟ್ಟುವ ಮೊದಲೇ, 1907ರಲ್ಲಿ, ಆ ಊರಿನ ಪತ್ರಿಕಾಕರ್ತನಾದ ಬೆಂಜಮಿನ್ ಸಲ್ಡಾನ್ಯ ರೊಕ ಎಂಬಾತನು ಇದೇ ಕಂಪೆನಿಯ ಮೇಲೆ ಇದೇ ಅಪರಾಧಗಳನ್ನು ಹೊರಿಸಿ ಅಲ್ಲಿನ ನ್ಯಾಯಾಲಯದಲ್ಲಿ ಫಿರ್ಯಾದು ಮಾಡಿದ್ದನು. ತನ್ನ ಎರಡು ಪುಟ್ಟ ಪತ್ರಿಕೆಗಳಲ್ಲಿ ಸಾಕ್ಷಿಗಳ ಮಾತುಗಳನ್ನು ಪ್ರಕಟಿಸಿದ್ದನು. ನ್ಯಾಯಾಲಯ ಅಲುಗಲಿಲ್ಲ. ಮರುವರ್ಷ ಅವನನ್ನೇ ಊರಿನಿಂದ ಹೊರಡಿಸಿದರು. ಅವನು ಕೂಡಿಸಿದ್ದ ಕಾಗದಗಳು ಹಾರ್ಡೆನ್‌ಬರ್ಗನ ಕೈಸೇರಿದುವು. ಒಂದೇ ಮಾತನ್ನು ಊರಿನವನು ಸ್ಪಾನಿಷಿನಲ್ಲಿ ಹೇಳಿದಾಗ ಅದು ಜಗಳಗಂಟನ ಕೂಗಾಯಿತು. ಪರದೇಶೀಯನು ಇಂಗ್ಲಿಷಿನಲ್ಲಿ ಹೇಳಿದಾಗ ಲೋಕದ ಸುದ್ದಿಯಾಯಿತು. ಪರದೇಶೀಯನ ಧ್ವನಿ ದೊಡ್ಡದಾಗಿ ಕೇಳಿಸುವುದು ಅದರ ಹಿಂದೆ ಸ್ಥಳೀಯನ ಉಸಿರು ಇರುವುದರಿಂದ ಎಂಬುದನ್ನು ಲೋಕ ಅಷ್ಟಾಗಿ ಗಮನಿಸುವುದಿಲ್ಲ.

ಪೆರುವಿನ ಕಾಡಿನಲ್ಲಿ ನಡೆದುದನ್ನು ವಿಚಾರಿಸಲು ಇಂಗ್ಲೆಂಡಿಗೇನು ಅಧಿಕಾರ? ಈ ಪ್ರಶ್ನೆ ಅಂದೂ ಎದ್ದಿತು. ಉತ್ತರಕ್ಕೆ ಎರಡು ಎಳೆ ಸಿಕ್ಕಿದುವು: ಕಂಪೆನಿಯ ನೋಂದಣಿ ಲಂಡನ್ನಿನದು, ಕಂಪೆನಿಯ ನೌಕರರಲ್ಲಿ ಬ್ರಿಟಿಷ್ ಪ್ರಜೆಗಳೂ ಇದ್ದರು. ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಿಂದ 1904-05ರಲ್ಲಿ ಸುಮಾರು ಇನ್ನೂರು ಜನ ಕರಿಯ ಕೂಲಿಗಳನ್ನು ಕರಾರಿನ ಮೇಲೆ ಅಲ್ಲಿಗೆ ಕರೆತಂದಿದ್ದರು. ಅವರ ಯೋಗಕ್ಷೇಮವನ್ನು ವಿಚಾರಿಸುವ ನಿಮಿತ್ತದಿಂದ ಬ್ರಿಟಿಷ್ ಸರಕಾರವು 1910ರಲ್ಲಿ ತನ್ನ ಕಾನ್ಸಲ್ ಜನರಲ್ ರೋಜರ್ ಕೇಸ್‌ಮೆಂಟನನ್ನು ಪುಟುಮಾಯೊಗೆ ಕಳುಹಿಸಿತು. ಅನ್ಯರ ಮನೆಯ ಅನ್ಯಾಯಕ್ಕೆ ಪ್ರವೇಶಿಸಲು ಅವನು ಹಿಡಿದ ಬಾಗಿಲು ತನ್ನ ಮನೆಯ ಬಾಗಿಲೇ ಆಗಿದ್ದಿತು.

ಈ ಬಾರ್ಬಡೋಸಿನ ಜನರ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವರು ಕೆಲಸಕ್ಕೆಂದು ಬಂದವರು. ಬಂದಮೇಲೆ ಅವರಲ್ಲಿ ಅನೇಕರ ಕೈಗೆ ಚಾವಟಿಯನ್ನು ಕೊಟ್ಟರು. ಹೊಡೆಯಲು ಒಪ್ಪದವನಿಗೆ ಕೋಳ ತಾನೇ ಕಾದಿದ್ದಿತು. ಊಟ ಬಟ್ಟೆಗಳನ್ನು ಕಂಪೆನಿಯ ಉಗ್ರಾಣದಿಂದಲೇ ಮಿತಿಮೀರಿದ ಬೆಲೆಗೆ ಕೊಳ್ಳಬೇಕಾಗಿದ್ದುದರಿಂದ ವರ್ಷ ಕಳೆದಂತೆ ಸಾಲ ಏರುತ್ತಿತ್ತೇ ಹೊರತು ಉಳಿತಾಯವಿರಲಿಲ್ಲ. ಹೊರಕ್ಕೆ ಹೋಗಲು ಕಂಪೆನಿಯ ಹಡಗನ್ನುಳಿದು ದಾರಿಯಿಲ್ಲ. ಕೇಸ್‌ಮೆಂಟನು ಇಂತಹ ಮೂವತ್ತು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದನು. ಅವರು ಕಂಡುದನ್ನು ಹೇಳಿದರು. ಅವರಲ್ಲಿ ಕೆಲವರು ಮಾಡಿದುದನ್ನೂ ಹೇಳಿದರು. ಯಜಮಾನನ ಮೇಲಿನ ದೂರು, ತಮ್ಮ ಕೈಯ ತಪ್ಪಿನ ಒಪ್ಪಿಗೆಯೂ ಆಗಿದ್ದಿತು. ವರದಿಯ ಬಲವೆಲ್ಲ ಇರುವುದು ಇಲ್ಲಿಯೇ. ಹೊರಗೆ ನಿಂತು ನೋಡಿದವನ ಮಾತಿಗೆ ಕಂಪೆನಿ ಉತ್ತರ ಹೇಳಬಹುದಾಗಿತ್ತು. ತಾನೇ ಹೊಡೆದೆನೆಂದು ಹೇಳುವವನ ಮಾತಿಗೆ ಉತ್ತರವೆಲ್ಲಿಯದು?

ಅಧರ್ಮದ ವ್ಯಾಪಾರವನ್ನು ಒಳಗಿನಿಂದ ಕಂಡವನು ಸಾಮಾನ್ಯವಾಗಿ ಪೂರ್ತಿ ಶುದ್ಧನಾಗಿರುವುದಿಲ್ಲ. ಕಂಡದ್ದೇ ಆ ಕೆಲಸದಲ್ಲಿ ಒಂದು ಕೈ ಹಾಕಿದ್ದರಿಂದ. ತಾನು ಶುದ್ಧನಲ್ಲವೆಂಬ ಅಳುಕಿನಿಂದಲೇ ಎಷ್ಟೋ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಶುದ್ಧನೆಂದು ತೋರಿಸಿಕೊಳ್ಳುವ ಆತುರದಿಂದ ಮಾತನಾಡುವವರೂ ಉಂಟು. ಮೊದಲು ನೆನಪಿನಲ್ಲಿಡಬೇಕೆಂದ ಅಹಂಕಾರದ ಆಕ್ಷೇಪಕ್ಕೆ ಬಾರ್ಬಡೋಸಿನ ಕೂಲಿಗಳಲ್ಲಿ ಸಮಾಧಾನವಿದೆ: ಅವರ ದೂರಿನಲ್ಲಿ ಅಹಂಕಾರಕ್ಕೆ ಎಡೆಯೇ ಇರಲಿಲ್ಲ. ಕೇಸ್‌ಮೆಂಟನೂ ಅವರನ್ನು ಮಾತನಾಡಿಸಿ ಕೈಬಿಡಲಿಲ್ಲ. ಇಕಿಟೋಸಿಗೆ ಹೋದರೆ ಅವರನ್ನೇ ಹಿಡಿದು ಅಪರಾಧಿಗಳನ್ನಾಗಿ ನಿಲ್ಲಿಸಿಯಾರೆಂದು ಹೆದರಿ, ದಾರಿಯಲ್ಲಿ ಬ್ರೆಜಿಲಿನ ಗಡಿಯಲ್ಲಿಯೇ ಅವರನ್ನು ಇಳಿಸಿ ತಾನು ಮುಂದೆ ಹೋದನು.

ಫಲವೇನು? ವರದಿ 1912ರಲ್ಲಿ ಪ್ರಕಟವಾಯಿತು. 1913ರಲ್ಲಿ ಲಂಡನ್ನಿನ ನ್ಯಾಯಾಲಯವು ಕಂಪೆನಿಯನ್ನು ಮುಚ್ಚಿಸಿತು. ಅರಾನನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಮುಂದೆ ಅವನು ತನ್ನ ದೇಶದ ಶಾಸನಸಭೆಯಲ್ಲಿ ಸದಸ್ಯನೂ ಆದನು. ಮಲಯ ಸಿಂಹಳಗಳ ತೋಟದ ರಬ್ಬರು ಅಗ್ಗವಾಗಿ ಬಂದು ಆ ವ್ಯಾಪಾರವನ್ನು ಮುರಿದಷ್ಟು ಯಾವ ವರದಿಯೂ ಮುರಿಯಲಿಲ್ಲವೆಂದರೆ ತಪ್ಪಾಗದು. ಕೇಸ್‌ಮೆಂಟನಿಗೆ 1911ರಲ್ಲಿ ‘ಸರ್’ ಪದವಿಯನ್ನು ಕೊಟ್ಟ ಸರಕಾರವೇ 1916ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯದ ಸಂಬಂಧವಾಗಿ ಅವನನ್ನು ರಾಜದ್ರೋಹಿಯೆಂದು ಗಲ್ಲಿಗೇರಿಸಿತು; ಅದು ಬೇರೆಯ ಕಥೆ. ಈಗ ಆ ಪ್ರದೇಶದ ಬಹುಭಾಗ ಕೊಲಂಬಿಯಕ್ಕೆ ಸೇರಿದೆ. 2012ರಲ್ಲಿ ಆ ದೇಶದ ಅಧ್ಯಕ್ಷರು ಅಲ್ಲಿನ ಆದಿವಾಸಿಗಳ ಕ್ಷಮೆ ಬೇಡಿದಾಗ, ಅವರ ಮುಂದಿದ್ದ ಜನರ ಪೂರ್ವಿಕರ ಕಷ್ಟವನ್ನು ಹೇಳುವ ಕಾಗದಗಳಲ್ಲಿ ಮುಖ್ಯವಾದುವು ಈ ಪರದೇಶೀಯರು ಬರೆದಿಟ್ಟವುಗಳೇ ಆಗಿದ್ದುವು. ಸಾಕ್ಷಿ ಹೇಳಿದೊಡನೆ ನ್ಯಾಯ ದೊರಕುವುದೆಂದು ನಂಬಿ ಹೊರಟವನು ನಿರಾಶನಾದಾನು. ಹೇಳದಿದ್ದರೆ ನಡೆದದ್ದೇ ಇಲ್ಲವೆಂದಾಗುತ್ತದೆ.

ಇನ್ನು ನೂರು ವರ್ಷ ಈಚೆಗೆ ಬಂದರೆ ಚಾವಟಿ ಕಾಣುವುದಿಲ್ಲ. ಲೆಕ್ಕದ ಪುಸ್ತಕ ಕಾಣುತ್ತದೆ. ಜಪಾನಿನ ಒಲಿಂಪಸ್ ಎಂಬುದು ಕ್ಯಾಮರಾಗಳಿಗೂ ವೈದ್ಯರು ಹೊಟ್ಟೆಯೊಳಗನ್ನು ನೋಡುವ ಉಪಕರಣಗಳಿಗೂ ಹೆಸರಾದ ಸಂಸ್ಥೆ. 2011ರ ಏಪ್ರಿಲಿನಲ್ಲಿ ಮೈಕೆಲ್ ವುಡ್‌ಫರ್ಡ್ ಎಂಬ ಆಂಗ್ಲನು ಅದರ ಅಧ್ಯಕ್ಷನಾದನು. ಸುಮಾರು ಮೂವತ್ತು ವರ್ಷ ಆ ಸಂಸ್ಥೆಯ ಅನ್ನವನ್ನೇ ಉಂಡವನು. ಜಪಾನೀ ಭಾಷೆ ಬಾರದವನು. ಕೆಲವೇ ತಿಂಗಳಲ್ಲಿ ಟೋಕಿಯೋವಿನ ‘ಫ್ಯಾಕ್ಟಾ’ ಎಂಬ ಮಾಸಪತ್ರಿಕೆಯಲ್ಲಿ ಒಂದು ಲೇಖನ ಬಂದುದನ್ನು ಜಪಾನೀ ಮಿತ್ರನೊಬ್ಬನು ಅವನಿಗೆ ತಿಳಿಸಿದನು. ಇಂಗ್ಲೆಂಡಿನ ಒಂದು ಕಂಪೆನಿಯನ್ನು ಕೊಂಡುಕೊಂಡಾಗ ಸಲಹೆಗಾರರಿಗೆಂದು 68 ಕೋಟಿ ಡಾಲರಿಗೂ ಮೇಲೆ ತೆತ್ತಿದ್ದರು. ಕೊಂಡ ಬೆಲೆಯ ಹೆಚ್ಚುಕಡಮೆ ಮೂರರಲ್ಲೊಂದು ಪಾಲು. ವುಡ್‌ಫರ್ಡನು ಆಡಳಿತಮಂಡಲಿಗೆ ಪತ್ರದ ಮೇಲೆ ಪತ್ರ ಬರೆದು ಕೇಳಿದನು. ಅಕ್ಟೋಬರ್ 14ರಂದು ಮಂಡಲಿ ಸೇರಿ, ಅವನಿಗೆ ಮಾತನಾಡಲು ಅವಕಾಶವನ್ನೂ ಕೊಡದೆ, ಕೆಲವೇ ನಿಮಿಷಗಳಲ್ಲಿ ಅಧಿಕಾರದಿಂದ ತೆಗೆದುಹಾಕಿತು. ಲೋಕಕ್ಕೆ ಹೇಳಿದ ಕಾರಣ, ಆಡಳಿತದ ರೀತಿಯಲ್ಲಿ ಭೇದವೆಂದು. ಪರದೇಶೀಯನಿಗೆ ನಮ್ಮ ಪದ್ಧತಿ ತಿಳಿಯದೆಂಬ ಹಳೆಯ ಆಕ್ಷೇಪವೇ ಹೊಸ ಉಡುಪಿನಲ್ಲಿ ಬಂದುದು. ಆ ಪದ್ಧತಿ ಏನೆಂಬುದು ಮರುತಿಂಗಳೇ ತಿಳಿಯಿತು: 1990ರ ದಶಕದಿಂದ ಬಂದ ನಷ್ಟಗಳನ್ನು ಮುಚ್ಚಿಡಲು ಕಟ್ಟಿದ ಸುಳ್ಳುಲೆಕ್ಕ, ಸುಮಾರು 170 ಕೋಟಿ ಡಾಲರಿನಷ್ಟು. ಒಂದು ನಾಡಿನ ಸಂಪ್ರದಾಯವನ್ನು ಮುಂದೆ ಹಿಡಿದು ತಪ್ಪನ್ನು ಮರೆಸುವವನು ಆ ಸಂಪ್ರದಾಯವನ್ನೇ ಅವಮಾನಿಸುತ್ತಾನೆ. ಜಪಾನಿನ ಸಾವಿರಾರು ಪ್ರಾಮಾಣಿಕ ಗುಮಾಸ್ತರಿಗೆ ಸುಳ್ಳುಲೆಕ್ಕ ತಮ್ಮ ಪದ್ಧತಿಯೆಂದು ಕೇಳಿ ಸಂತೋಷವಾಗಿರಲಾರದು.

ವುಡ್‌ಫರ್ಡನು ಅಂದೇ ತನ್ನಲ್ಲಿದ್ದ ಪತ್ರಗಳನ್ನು ಲಂಡನ್ನಿನ ಒಂದು ಆರ್ಥಿಕ ಪತ್ರಿಕೆಯ ಬಾತ್ಮೀದಾರನಿಗೆ ಒಪ್ಪಿಸಿ ವಿಮಾನವೇರಿದನು. ಧೈರ್ಯದ ಕೆಲಸವೇ, ಅವನು ಪ್ರಾಣಭಯದಲ್ಲಿ ದಿನ ಕಳೆದದ್ದೂ ಉಂಟು. ಆದರೂ ಅವನಿಗೆ ಹತ್ತಲು ವಿಮಾನವಿತ್ತು, ಇಳಿಯಲು ಊರಿತ್ತು, ಮರುವರ್ಷ ಪರಿಹಾರವಾಗಿ ಒಂದು ಕೋಟಿ ಪೌಂಡು ದೊರಕಿತು. ‘ಫ್ಯಾಕ್ಟಾ’ ಪತ್ರಿಕೆಗೆ ಮೊದಲು ಸುಳುಹು ಕೊಟ್ಟ ಜಪಾನೀ ನೌಕರನು ಆ ವರ್ಷ ತನ್ನ ಹೆಸರನ್ನು ಸಹ ಹೇಳಿಕೊಳ್ಳಲಾರದೆ ಹೋದನು. ಅದೇ ಸಂಸ್ಥೆಯಲ್ಲಿ ಇನ್ನೊಬ್ಬ ನೌಕರನು 2007ರಲ್ಲಿ ಬೇರೊಂದು ಅಕ್ರಮವನ್ನು ಕುರಿತು, ಸಂಸ್ಥೆಯೇ ಏರ್ಪಡಿಸಿದ್ದ ದೂರಿನ ಕಚೇರಿಯಲ್ಲಿ ತಿಳಿಸಿದ್ದನು. ಆ ಕಚೇರಿಯೇ ಅವನ ಹೆಸರನ್ನು ಮೇಲಧಿಕಾರಿಗೆ ಹೇಳಿತು. ಅವನನ್ನು ಅಲ್ಲಿಂದಿಲ್ಲಿಗೆ ವರ್ಗಮಾಡಿ ಮೂಲೆಯಲ್ಲಿ ಕೂರಿಸಿದರು. ಸಂಸ್ಥೆಯನ್ನು ಬಿಡದೆ ಅದರ ಮೇಲೆಯೇ ಮೊಕದ್ದಮೆ ಹೂಡಿ, 2011ರಲ್ಲಿ ಟೋಕಿಯೋ ಉಚ್ಚ ನ್ಯಾಯಾಲಯದಲ್ಲಿ ಗೆಲ್ಲುವವರೆಗೆ ಪ್ರತಿದಿನ ಅದೇ ಕಟ್ಟಡಕ್ಕೆ ಕೆಲಸಕ್ಕೆ ಹೋದನು. ಜಪಾನಿನಲ್ಲಿ ಇಂತಹವರ ರಕ್ಷಣೆಗಾಗಿ ಮಾಡಿದ ಕಾನೂನು 2006ರಿಂದಲೇ ಜಾರಿಯಲ್ಲಿದ್ದಿತೆಂಬುದನ್ನೂ ಇಲ್ಲಿ ಹೇಳಬೇಕು.

ಇಕಿಟೋಸಿನ ಪತ್ರಿಕಾಕರ್ತ, ಟೋಕಿಯೋವಿನ ಹೆಸರಿಲ್ಲದ ನೌಕರ: ಪರದೇಶೀಯನು ಹೊತ್ತುಕೊಂಡು ಹೋಗುವ ದೂರು ಅನೇಕ ವೇಳೆ ಇವರದು. ಬಿಟ್ಟುಹೋಗಬಲ್ಲೆನೆಂಬ ಸ್ವಾತಂತ್ರ್ಯವನ್ನು ಅವನು ತನ್ನ ಪುಣ್ಯವೆಂದು ಎಣಿಸಬಹುದು. ಆದರೆ ಬಿಟ್ಟುಹೋಗಲಾರದವರ ಪಾಲಿಗೆ ಅದು ಅವನು ತೀರಿಸಬೇಕಾದ ಸಾಲ. ಹೇಳಲೇಬೇಕೆಂಬ ಹೊಣೆ ಅವನ ಮೇಲೆ ಬೀಳುವುದು ಈ ದಾರಿಯಿಂದ. ಯಾರಿಗೆ ಬೆಲೆ ಕಡಮೆ ಬೀಳುತ್ತದೆಯೋ ಅವನ ಹೊಣೆ ಹೆಚ್ಚು.

ಹಾಗಾದರೆ ಬಿಟ್ಟುಹೋಗಲೂ ಆಗದ ಪರದೇಶೀಯನ ಪಾಡೇನು? ವುಡ್‌ಫರ್ಡನೂ ಪರದೇಶೀಯನೇ, ಉಡುಪಿಯಿಂದಲೋ ಭಟ್ಕಳದಿಂದಲೋ ಕೊಲ್ಲಿಗೆ ಹೋದವನೂ ಪರದೇಶೀಯನೇ. ಆದರೆ ಎರಡನೆಯವನ ನೆಲೆ ಬಾರ್ಬಡೋಸಿನವರ ನೆಲೆಗೆ ಹತ್ತಿರ. ಕೊಲ್ಲಿಯ ರಾಜ್ಯಗಳಲ್ಲಿ ಬಹುಕಾಲ ನಡೆದುಬಂದ ಕಫಾಲಾ ಪದ್ಧತಿಯಲ್ಲಿ ಕೆಲಸಗಾರನ ವಾಸದ ಅಪ್ಪಣೆ ಅವನ ಯಜಮಾನನ ಹೆಸರಿಗೆ ಗಂಟುಬಿದ್ದಿರುತ್ತದೆ. ಕೆಲಸ ಬಿಟ್ಟರೆ ನೆಲವನ್ನೂ ಬಿಡಬೇಕು. ಹೇಳದೆ ಬಿಟ್ಟರೆ ಪರಾರಿಯೆಂದು ಯಜಮಾನನು ದೂರು ಕೊಡಬಹುದು. ಪಾಸ್‌ಪೋರ್ಟನ್ನು ಯಜಮಾನನು ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದ್ದರೂ ಅದು ಅವನ ಪೆಟ್ಟಿಗೆಯಲ್ಲಿರುವುದು ಅಪರೂಪವಲ್ಲ. 2020ರಲ್ಲಿ ಕತಾರ್, 2021ರಲ್ಲಿ ಸೌದಿ ಅರೇಬಿಯ ಈ ಕಟ್ಟನ್ನು ಸಡಿಲಿಸಿದುವು. ಕಟ್ಟು ಪೂರ್ತಿ ಬಿಚ್ಚಿತೆಂದು ಹೇಳಲಾಗದು. 2021ರಲ್ಲಿಯೇ, ಕತಾರಿನಲ್ಲಿ ಕಾವಲುಗಾರನಾಗಿದ್ದ ಕೀನ್ಯದ ತರುಣನೊಬ್ಬನು ಕೆಲಸಗಾರರ ವಾಸಗಳ ಇಕ್ಕಟ್ಟನ್ನು ಕುರಿತು ಬೇರೆ ಹೆಸರಿನಲ್ಲಿ ಲೇಖನಗಳನ್ನು ಬರೆದುದಕ್ಕಾಗಿ ಸೆರೆಯಾದನು. ಒಂದು ತಿಂಗಳ ಬಳಿಕ ಬಿಟ್ಟು, ಸುಳ್ಳುಸುದ್ದಿ ಹಬ್ಬಿಸಿದನೆಂದು 25,000 ರಿಯಾಲು ದಂಡ ಹಾಕಿದರು. ಅದು ಅಂತಹವನ ಎಷ್ಟೋ ತಿಂಗಳುಗಳ ದುಡಿಮೆ.

ಆದುದರಿಂದ ಎಲ್ಲರಿಗೂ ಒಂದೇ ವಿಧಿಯನ್ನು ಹೇರುವುದು ಕ್ರೂರವಾದೀತು. ಕರಾವಳಿಯ ತರುಣನೊಬ್ಬನು ಅಂತಹ ಒಂದು ಕಟ್ಟಡದ ಕಂಪೆನಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆಂದು ಊಹಿಸಿಕೊಳ್ಳಬಹುದು. ಸರಕಾರದ ಕಟ್ಟಳೆಗಾಗಿ ಕೂಲಿಗಳ ಸಂಬಳ ಬ್ಯಾಂಕಿಗೆ ಪೂರ್ತಿಯಾಗಿ ಜಮೆಯಾಗುತ್ತದೆ. ಮರುದಿನ ಮೇಸ್ತ್ರಿ ಬಂದು ಅದರಲ್ಲೊಂದು ಪಾಲನ್ನು ನಗದಾಗಿ ವಸೂಲು ಮಾಡುತ್ತಾನೆ. ಆ ನಗದನ್ನು ಬೇರೆ ಪುಸ್ತಕದಲ್ಲಿ ಬರೆಯುವ ಕೈ ಈ ತರುಣನದು. ಅನ್ಯಾಯವಾಗುತ್ತಿರುವುದು ಅವನಿಗಲ್ಲ, ಬಿಹಾರದ, ನೇಪಾಳದ ಕೂಲಿಗಳಿಗೆ. ಅವನು ದೂರು ಕೊಟ್ಟು ಕಂಪೆನಿ ಮುಚ್ಚಿದರೆ, ಅವನು ಮಂಗಳೂರಿಗೆ ಬಂದು ಬೇರೆ ಕೆಲಸ ಹುಡುಕಿಯಾನು; ದಳ್ಳಾಳಿಗೆ ಸಾಲ ಮಾಡಿ ಹಣ ಕೊಟ್ಟು ಬಂದ ಕೂಲಿಗಳು ಆ ಸಾಲದೊಡನೆಯೇ ಊರಿಗೆ ಹೋಗಬೇಕು. ಮುಕ್ಕಾಲು ಕೂಲಿಯಾದರೂ ಬರಲಿ ಎಂದು ಅವರು ಹೇಳಿದರೆ? ತನ್ನ ಅನ್ನವನ್ನು ಪಣಕ್ಕಿಡುವ ಅಧಿಕಾರ ಯಾರಿಗೂ ಉಂಟು. ಇನ್ನೊಬ್ಬನ ಅನ್ನವನ್ನು ಅವನನ್ನು ಕೇಳದೆ ಪಣಕ್ಕಿಟ್ಟವನು ಧರ್ಮರಾಯನಾದರೂ ತಪ್ಪೇ. ಅವರನ್ನು ಮೊದಲು ಕೇಳಬೇಕು. ಅವರ ಹಣದ ಮಾತಾದರೆ ಅವರ ಮಾತು ನಡೆಯಬೇಕು.

ಪ್ರಾಣದ ಮಾತಾದರೆ ಹಾಗಲ್ಲ. ಬೇಸಗೆಯ ನಡುಹಗಲಿನಲ್ಲಿ, ನಿಷೇಧವಿದ್ದರೂ ಬಿಸಿಲಿನಲ್ಲಿ ಜನರನ್ನು ನಿಲ್ಲಿಸುವುದು, ಮುರಿಯುವ ಸಾರುವೆಯ ಮೇಲೆ ಹತ್ತಿಸುವುದು, ಕೆಟ್ಟ ಔಷಧವನ್ನು ಮಾರುವುದು, ಇವುಗಳಲ್ಲಿ ಸಾಯತಕ್ಕವನ ಒಪ್ಪಿಗೆಯನ್ನು ಕಾಯುತ್ತ ಕೂರುವಂತಿಲ್ಲ. ಇಲ್ಲಿಯೂ ಹೇಳುವ ರೀತಿಯೊಂದುಂಟು. ಬೀದಿಯಲ್ಲಿ ಸಂಸ್ಥೆಯ ಹೆಸರು ಹಿಡಿದು ಕೂಗುವುದು ಒಂದು, ವಿಚಾರಿಸುವ ಅಧಿಕಾರವುಳ್ಳವರ ಮುಂದೆ ಕಂಡಷ್ಟನ್ನು ಇಡುವುದು ಇನ್ನೊಂದು. ಮಾನಹಾನಿ ದಂಡನೀಯವಾಗಿರುವ ರಾಜ್ಯಗಳಲ್ಲಿ ಮೊದಲನೆಯದು ದೂರುಗಾರನನ್ನೇ ಆರೋಪಿಯಾಗಿ ಮಾಡಿಬಿಡಬಲ್ಲುದು, ದೂರು ಮಾತ್ರ ಅಲ್ಲಿಯೇ ಸತ್ತುಹೋಗುತ್ತದೆ. ಹಾರ್ಡೆನ್‌ಬರ್ಗನು ಒಂದು ವರ್ಷ ಪಾಠ ಹೇಳಿಕೊಂಡು ಸಹಿಗಳನ್ನು ಕೂಡಿಹಾಕಿದ ತಾಳ್ಮೆಯನ್ನು ಇಲ್ಲಿ ನೆನೆಯಬೇಕು.

ಕೇಸ್‌ಮೆಂಟನು ಹಿಡಿದ ಬಾಗಿಲೂ ಕನ್ನಡಿಗನಿಗೆ ಮುಚ್ಚಿಲ್ಲ. ಪರದೇಶದ ಯಜಮಾನನು ಅವನ ಕಾನೂನಿಗೆ ಹೊರಗಿರಬಹುದು. ಆ ಯಜಮಾನನಿಗೆ ಜನರನ್ನು ಒದಗಿಸುವ ದಳ್ಳಾಳಿಯ ಅಂಗಡಿ ಭಾರತದ ಯಾವುದೋ ಪಟ್ಟಣದ ಮಹಡಿಯ ಮೇಲೆ ಇರುತ್ತದೆ. 1983ರ ವಲಸೆ ಕಾಯಿದೆ ಇಂತಹವನು ನೋಂದಣಿ ಮಾಡಿಸಿರಬೇಕೆಂದೂ, ಗೊತ್ತುಪಡಿಸಿದುದಕ್ಕಿಂತ ಹೆಚ್ಚು ಹಣ ಕೀಳಬಾರದೆಂದೂ ವಿಧಿಸಿತು. ಕೂಲಿಯವನನ್ನು ಅಲ್ಲಿ ಮೂಕನನ್ನಾಗಿಸುವ ಸಾಲ ಹುಟ್ಟುವುದು ಇಲ್ಲಿ, ಈ ಮಹಡಿಯ ಮೇಲೆ. ಈ ದೂರನ್ನು ಕೊಡಲು ಯಾರೂ ಕಡಲಾಚೆ ಜೈಲು ಕಾಣಬೇಕಾಗಿಲ್ಲ. ರಜೆಯ ಮೇಲೆ ಊರಿಗೆ ಬಂದವನು ಕೊಡಬಹುದು, ಅವನ ತಂದೆಯೂ ಕೊಡಬಹುದು. ಕೊಡುವವರು ವಿರಳ. ದಳ್ಳಾಳಿ ಬಹುಮಟ್ಟಿಗೆ ಗುರುತಿನವನು, ಕೆಲವೊಮ್ಮೆ ನಂಟನು; ಮುಂದಿನ ವರ್ಷ ತಮ್ಮನನ್ನೂ ಅವನೇ ಕಳುಹಿಸಬೇಕು.

ಹೀಗೆ ಪ್ರಶ್ನೆ ಪರದೇಶವನ್ನು ಸುತ್ತಿ ಊರಿನ ಮನೆಗೇ ಬಂದು ನಿಲ್ಲುತ್ತದೆ. ಆ ತರುಣನು ಶುಕ್ರವಾರದ ಬಿಡುವಿನಲ್ಲಿ ದೂರವಾಣಿಯಲ್ಲಿ ತಂದೆಯೊಡನೆ ಮಾತನಾಡುತ್ತ, ಇಲ್ಲಿ ಹೀಗೆ ನಡೆಯುತ್ತಿದೆ ಎಂದು ಅರ್ಧ ಹೇಳುತ್ತಾನೆ. ‘ಊರ ಉಸಾಬರಿ ನಿನಗೇಕೆ ಮಗಾ, ನಿನ್ನ ಕೆಲಸ ನೀನು ನೋಡಿಕೊ’ ಎಂಬ ಉತ್ತರ ಬರುತ್ತದೆ. ತಂದೆ ದುಷ್ಟನಲ್ಲ, ಹೊಸ ಮನೆಗೆ ಮಾಡಿದ ಸಾಲವಿದೆ, ಮಗಳ ಮದುವೆಯ ಮಾತು ನಡೆದಿದೆ. ಆದರೆ ಉಂಡ ಮನೆ ಯಾವುದೆಂಬುದು ಇಲ್ಲಿ ತಲೆಕೆಳಗಾಗಿದೆ. ಆ ಕಂಪೆನಿಯ ಅನ್ನವನ್ನು ಉಣ್ಣುತ್ತಿರುವವರು ಅವನೊಬ್ಬನೇ ಅಲ್ಲ. ಚಾವಡಿಯಲ್ಲಿ ಕುಳಿತ ಎಲ್ಲರೂ ಉಣ್ಣುತ್ತಿದ್ದಾರೆ. ಅವನು ಅರ್ಧದಲ್ಲಿ ನುಂಗಿಕೊಂಡ ಮಾತಿಗೆ ಅವರೂ ಬಾಧ್ಯರು. ಬಾರ್ಬಡೋಸಿನ ಕೂಲಿಗೆ ಕಂಪೆನಿಯ ಉಗ್ರಾಣದ ಸಾಲ ಹೇಗೋ, ಈ ತರುಣನಿಗೆ ಊರಿನ ಮನೆಯ ಖರ್ಚು ಹಾಗೆಯೇ ಕಾಲಿನ ಕೋಳವಾಗಬಲ್ಲುದು. ಮೂರು ತಿಂಗಳು, ಆರು ತಿಂಗಳು ಅವನ ಹಣ ಬಾರದಿದ್ದರೆ ಮನೆ ನಡೆದೀತೆ ಎಂಬ ಲೆಕ್ಕವನ್ನು ಹಿರಿಯರು ಒಂದು ಸಂಜೆ ಕುಳಿತು ಹಾಕಿ, ನಡೆದೀತೆಂದಾದರೆ ಅದನ್ನು ಅವನಿಗೆ ಹೇಳಿಬಿಡಬಹುದು. ಅವನು ಪ್ರತಿ ಶುಕ್ರವಾರ ಕೇಳಬೇಕೆಂದು ಬಾಯಿಯವರೆಗೆ ತಂದು ಕೇಳದೆ ಬಿಡುವುದು ಅದನ್ನೇ.